ಖಾಲಿ ಬಿಟ್ಟ ಬಾಕ್ಸು, ಸಿಗದೇ ಹೋದ ಬಿಲ್ಲು

ಇವತ್ತಿನ ಸಂಚಿಕೆ ಸ್ವಲ್ಪ ಟೆಕ್ನಿಕಲ್. ಇಯರ್‌ಫೋನ್ ತೆಗೀಬೇಡಿ, ಕೋಡ್ ಬರೆಯೋಕೆ ಬರದಿದ್ರೂ ಅರ್ಥ ಆಗುತ್ತೆ. ನಾನೂ ಬಿ.ಕಾಂ. ಮಾಡಿ, ಡೆಬಿಟ್ ಕ್ರೆಡಿಟ್ ಬಿಟ್ಟು ಬೇರೇನೂ ಗೊತ್ತಿಲ್ಲದೆ ಈ ಕಡೆ ಬಂದವನೇ.

ಪಾಡ್‌ಕಾಸ್ಟ್ ಶುರು ಮಾಡೋ ಮುಂಚೆ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಹೆಸರು ಬೇಡ. ಒಂದು ದಿನ ಪ್ಯಾಕಿಂಗ್ ಡಬ್ಬ ಮಾಡಿಕೊಡೋ ಒಬ್ಬ ಸಣ್ಣ ಸಪ್ಲೈಯರ್ ಫೋನ್ ಮಾಡಿದ್ರು. "ಸರ್, ನಮ್ಮ ಬಿಲ್ ಏನಾಯ್ತು?" ಅಂತ. ನಾನು ಸರ್ಚ್ ಸ್ಕ್ರೀನ್ ತೆಗೆದೆ. ಅವರ ಹೆಸರು ಹಾಕಿದೆ, ತಾರೀಖು ಹಾಕಿದೆ, ಸ್ಟೇಟಸ್ ಅನ್ನೋ ಬಾಕ್ಸ್ ಖಾಲಿ ಬಿಟ್ಟೆ. ಫಲಿತಾಂಶ ಸೊನ್ನೆ. "ನಿಮ್ಮ ಬಿಲ್ ಬಂದೇ ಇಲ್ವಲ್ಲ" ಅಂದೆ. ವಾರ ಬಿಟ್ಟು ಮತ್ತೆ ಫೋನ್, ಮತ್ತೆ ಅದೇ ಉತ್ತರ. ಮೂರನೇ ಸಲ ಅವರ ದನಿಯೇ ಬೇರೆ ಆಗಿತ್ತು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತೆ. ಕಾಲೇಜಲ್ಲಿ ಅದನ್ನ ಬರೆದು ಮಾರ್ಕ್ಸ್ ತಗೊಂಡವನು ನಾನು. ಅದೇ ನಾನು ಸಿಸ್ಟಮ್ ಒಳಗೇ ಇದ್ದ ಬಿಲ್ಲನ್ನ ಇಲ್ಲ ಅಂತ ಮೂರು ಸಲ ಹೇಳಿದ್ದೆ.

ಆ ಬಿಲ್ಲುಗಳೆಲ್ಲ ಎಕ್ಸ್‌ಎಂಎಲ್ ಕಡತಗಳು. ಹೆಸರಿಗೆ ಒಂದು ಟ್ಯಾಗ್, ಮೊತ್ತಕ್ಕೆ ಒಂದು ಟ್ಯಾಗ್, ಹೀಗೆ ಪ್ರತಿ ಮಾಹಿತಿಗೂ ಒಂದು ಲೇಬಲ್ ಹಚ್ಚಿದ ಡಬ್ಬ ಅಂದ್ಕೊಳ್ಳಿ. ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಲಿಸ್ಟೆಡ್ ಕಂಪನಿಗಳು 2011ರಿಂದ ಸರ್ಕಾರಕ್ಕೆ ಲೆಕ್ಕಪತ್ರ ಸಲ್ಲಿಸ್ತಿರೋ ಎಕ್ಸ್‌ಬಿಆರ್‌ಎಲ್ ಕೂಡ ಎಕ್ಸ್‌ಎಂಎಲ್ ಮನೆತನದ್ದೇ. ಇಂಥ ಕಡತಗಳನ್ನ ಹಾಗೇ ಇಟ್ಟುಕೊಂಡು ಹುಡುಕೋಕೆ ಮಾರ್ಕ್‌ಲಾಜಿಕ್, ಬೇಸ್‌ಎಕ್ಸ್, ಎಗ್ಸಿಸ್ಟ್-ಡಿಬಿ ಅನ್ನೋ ಡೇಟಾಬೇಸ್‌ಗಳಿವೆ. ಅವುಗಳ ಹತ್ತಿರ ಮಾತಾಡೋ ಭಾಷೆ ಎಕ್ಸ್‌ಕ್ವೆರಿ. ಡಬ್ಲ್ಯು3ಸಿ ಸಂಸ್ಥೆ ಅದಕ್ಕೆ 2007ರಲ್ಲಿ ಅಧಿಕೃತ ಮಾನ್ಯತೆ ಕೊಟ್ಟಿತು.

ನಮ್ಮ ಸ್ಕ್ರೀನಿನ ಹಿಂದೆ ಇದ್ದ ಕ್ವೆರಿ ತುಂಬ ಸರಳ: ಹೆಸರು ಇದಕ್ಕೆ ಸಮ ಇರಬೇಕು, ತಾರೀಖು ಇದರೊಳಗೆ ಇರಬೇಕು, ಸ್ಟೇಟಸ್ ಬಾಕ್ಸಿನಲ್ಲಿ ಏನಿದೆಯೋ ಅದಕ್ಕೆ ಸಮ ಇರಬೇಕು. ನಾನು ಖಾಲಿ ಬಿಟ್ಟಿದ್ದು "ಯಾವ ಸ್ಟೇಟಸ್ ಆದ್ರೂ ಸರಿ" ಅನ್ನೋ ಅರ್ಥದಲ್ಲಿ. ಕ್ವೆರಿಗೆ ಕೇಳಿಸಿದ್ದು "ಸ್ಟೇಟಸ್ಸೇ ಬರೆಯದ ಬಿಲ್ ಕೊಡು" ಅಂತ. ಅಂಥ ಬಿಲ್ ಒಂದೂ ಇರಲಿಲ್ಲ. ಬೇರೆಯವರೆಲ್ಲ ಅಭ್ಯಾಸಬಲದಿಂದ "ಬಾಕಿ" ಅಂತ ಆರಿಸಿಕೊಳ್ತಿದ್ರು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ಸರಿ ಮಾಡೋದು ಹೇಗೆ? ಮೊದಲು ಎಲ್ಲರಿಗೂ ಹೊಳೆಯೋದು: ಹೆಸರು ಮಾತ್ರ ತುಂಬಿದ್ರೆ ಒಂದು ಕ್ವೆರಿ, ಹೆಸರು ತಾರೀಖು ಎರಡೂ ತುಂಬಿದ್ರೆ ಇನ್ನೊಂದು. ಲೆಕ್ಕ ಹಾಕಿ. ನಾಲ್ಕು ಬಾಕ್ಸ್ ಇದ್ರೆ 16 ಕ್ವೆರಿ, ಐದಾದ್ರೆ 32. ಯಾರೋ ಪುಣ್ಯಾತ್ಮರು ಹೀಗೇ ಶುರು ಮಾಡಿ ಆರನೇದಕ್ಕೆ ಸುಸ್ತಾಗಿ ಬಿಟ್ಟಿದ್ದೂ ಆ ಫೈಲಲ್ಲಿ ಕಂಡಿತು.

ಎರಡನೇ ದಾರಿ, ಕ್ವೆರಿಯನ್ನ ಪಠ್ಯದ ತುಂಡುಗಳಾಗಿ ಅಂಟಿಸಿ ಕೊನೆಗೆ ಓಡಿಸೋದು. ಇದು ಅಪಾಯ. ಮಂಗಳೂರು ಕಡೆಯ ಡಿಸೋಜಾ ಅನ್ನೋ ಹೆಸರು ತಗೊಳ್ಳಿ. ಇಂಗ್ಲಿಷಲ್ಲಿ ಡಿ ಆದಮೇಲೆ ಒಂದು ಅಪಾಸ್ಟ್ರಫಿ ಬರುತ್ತೆ. ಅಂಟಿಸಿದ ಪಠ್ಯದಲ್ಲಿ ಹೆಸರಿನ ಸುತ್ತ ಅದೇ ಚಿಹ್ನೆ ಬಳಸಿದ್ರೆ, ಹೆಸರು ಅಲ್ಲಿಗೇ ಮುಗೀತು ಅಂತ ಡೇಟಾಬೇಸ್ ತಿಳ್ಕೊಂಡು ಎರರ್ ಕೊಡುತ್ತೆ. ಕೆಟ್ಟ ಬುದ್ಧಿಯವರು ಅದೇ ಸಂದಿಯಿಂದ ತಮ್ಮ ಆದೇಶವನ್ನೂ ತೂರಿಸಬಹುದು.

ಮೂರನೇದು ನನಗೆ ಇಷ್ಟವಾಗಿದ್ದು. ಎಕ್ಸ್‌ಕ್ವೆರಿಯಲ್ಲಿ ಎಲ್ಲವೂ ಒಂದು ಸಾಲು, ಅಂದ್ರೆ ಸೀಕ್ವೆನ್ಸ್. ಏನೂ ಇಲ್ಲದ ಸಾಲನ್ನ ಖಾಲಿ ಆವರಣ ಚಿಹ್ನೆಯಿಂದ ಬರೀತಾರೆ. ಮಜಾ ಏನಂದ್ರೆ, ದೊಡ್ಡ ಸಾಲಿನ ಮಧ್ಯೆ ಖಾಲಿ ಸಾಲು ಹಾಕಿದ್ರೆ ಅದು ಕರಗಿಹೋಗುತ್ತೆ. ಒಂದು, ಖಾಲಿ, ಎರಡು ಅಂತ ಬರೆದ್ರೆ ಉಳಿಯೋದು ಒಂದು, ಎರಡು ಅಷ್ಟೇ. ಹಾಗಾಗಿ ಪ್ರತಿ ಬಾಕ್ಸಿಗೂ ಒಂದೇ ಪ್ರಶ್ನೆ: ತುಂಬಿದೆಯಾ? ತುಂಬಿದ್ರೆ ಈ ಷರತ್ತು ಕೊಡು, ಇಲ್ಲದಿದ್ರೆ ಖಾಲಿ ಸಾಲು ಕೊಡು. "ಇಫ್" ಬರೆದ ಮೇಲೆ "ಎಲ್ಸ್" ಬಿಡೋ ಹಾಗಿಲ್ಲ, 2017ರ 3.1 ಆವೃತ್ತಿಯಲ್ಲೂ ಅದು ಕಡ್ಡಾಯ. ನನಗೆ ಮೊದಲು ಕಿರಿಕಿರಿ ಅನ್ನಿಸ್ತು. ಆಮೇಲೆ ಅನ್ನಿಸಿದ್ದು, ಖಾಲಿ ಬಿಟ್ರೆ ಏನು ಮಾಡ್ಬೇಕು ಅಂತ ಭಾಷೆಯೇ ನಿಲ್ಲಿಸಿ ಕೇಳ್ತಿದೆಯಲ್ಲ. ನಮ್ಮ ಸ್ಕ್ರೀನ್ ಮಾಡಿದವರನ್ನ ಯಾರೂ ಕೇಳಿರಲಿಲ್ಲ. ತಾರೀಖಿಗೂ ಇದೇ ಉಪಾಯ: "ಇಂದ" ಒಂದು ಷರತ್ತು, "ವರೆಗೆ" ಇನ್ನೊಂದು, ಯಾವುದು ತುಂಬಿದೆಯೋ ಅದು ಮಾತ್ರ ಬರುತ್ತೆ.

ಹೀಗೆ ಉಳಿದ ಷರತ್ತುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಬೇಕು. ಮಾರ್ಕ್‌ಲಾಜಿಕ್‌ನಲ್ಲಿ ಆ ಚೀಲಗಳಿಗೆ ಆಂಡ್-ಕ್ವೆರಿ, ಆರ್-ಕ್ವೆರಿ ಅಂತ ಹೆಸರು. ಆಂಡ್ ಅಂದ್ರೆ ಎಲ್ಲ ಷರತ್ತೂ ಸರಿಹೋಗ್ಬೇಕು, ಆರ್ ಅಂದ್ರೆ ಒಂದಾದ್ರೂ ಸರಿಹೋಗ್ಬೇಕು. ಯಾರೂ ಏನೂ ತುಂಬದೆ ಸರ್ಚ್ ಒತ್ತಿದ್ರೆ? ಖಾಲಿ ಆಂಡ್-ಕ್ವೆರಿ ಡೇಟಾಬೇಸಿನಲ್ಲಿರೋ ಎಲ್ಲವನ್ನೂ ಕೊಡುತ್ತೆ. ಖಾಲಿ ಆರ್-ಕ್ವೆರಿ ಏನನ್ನೂ ಕೊಡಲ್ಲ.

ವಿಚಿತ್ರ ಅನ್ನಿಸ್ತಾ? ಅಮ್ಮ ನಿಮ್ಮನ್ನ ಅಂಗಡಿಗೆ ಕಳಿಸಿದ್ರು, ಕೊಟ್ಟ ಚೀಟಿ ನೋಡಿದ್ರೆ ಖಾಲಿ. ವಾಪಸ್ ಬಂದಾಗ "ಚೀಟಿಲಿರೋದೆಲ್ಲಾ ತಂದ್ಯಾ?" ಅಂತ ಕೇಳಿದ್ರೆ ಹೂಂ ಅನ್ನಬಹುದು, ಬಿಟ್ಟು ಬಂದಿದ್ದು ಏನೂ ಇಲ್ಲವಲ್ಲ. "ಒಂದಾದ್ರೂ ತಂದ್ಯಾ?" ಅಂದ್ರೆ ಇಲ್ಲ ಅನ್ನಲೇಬೇಕು. ಅಷ್ಟೇ ತರ್ಕ. ಹಾಗಾಗಿ "ಬಾಕಿ ಅಥವಾ ತಡೆ" ಅನ್ನೋ ಥರದ ಆರ್ ಗುಂಪನ್ನ ಹೊರಗಿನ ಆಂಡ್ ಒಳಗಿಡುವಾಗ, ಯಾವ ಸ್ಟೇಟಸ್ಸೂ ಆರಿಸದಿದ್ರೆ ಆ ಆರ್ ಚೀಲವನ್ನೇ ಹಾಕಬಾರದು. ಹಾಕಿದ್ರೆ ಮತ್ತೆ ಅದೇ ಸೊನ್ನೆ.

ಇನ್ನೊಂದು ಕಿರುಕುಳ, ಮೊಬೈಲಲ್ಲಿ ಟೈಪ್ ಮಾಡೋ ನಮಗೇ ಜಾಸ್ತಿ. ಕೀಬೋರ್ಡ್ ಸೂಚಿಸಿದ ಪದ ಒತ್ತಿದ್ರೆ ಹಿಂದೆ ಒಂದು ಸ್ಪೇಸ್ ಬಂದು ಕೂರುತ್ತೆ. ಪದ ಅಳಿಸ್ತೀರಿ, ಸ್ಪೇಸ್ ಉಳಿಯುತ್ತೆ. ಎಕ್ಸ್‌ಕ್ವೆರಿ ಲೆಕ್ಕದಲ್ಲಿ ಖಾಲಿ ಪಠ್ಯ ಅಂದ್ರೆ ಸುಳ್ಳು, ಒಂದು ಸ್ಪೇಸ್ ಇರೋ ಪಠ್ಯ ಅಂದ್ರೆ ನಿಜ. ಕಣ್ಣಿಗೆ ಖಾಲಿ ಕಾಣೋ ಬಾಕ್ಸ್ ಕ್ವೆರಿಗೆ ತುಂಬಿದ ಬಾಕ್ಸ್. ಅದಕ್ಕೆ ಕೇಳೋ ಮುಂಚೆ ನಾರ್ಮಲೈಸ್-ಸ್ಪೇಸ್ ಅನ್ನೋ ಫಂಕ್ಷನ್ನಿಂದ ಒಂದ್ಸಲ ಒರೆಸಿಬಿಡಬೇಕು.

ನಮ್ಮ ಸ್ಕ್ರೀನ್ ತಿದ್ದೋಕೆ ಅರ್ಧ ದಿನ ಸಾಕಾಯ್ತು. ನಾನು ಹಠ ಹಿಡಿದು ಸೇರಿಸಿದ್ದು ಒಂದೇ ಸಾಲು: ಫಲಿತಾಂಶದ ಮೇಲೆ, ಯಾವ ಯಾವ ಷರತ್ತು ಬಳಸಿ ಹುಡುಕಿದೆ ಅಂತ ತೋರಿಸ್ಬೇಕು. ಸೊನ್ನೆ ಬಂದಾಗಂತೂ ತೋರಿಸಲೇಬೇಕು. ಸಪ್ಲೈಯರಿಗೆ ದುಡ್ಡು ಹೋಯ್ತು, ತಡವಾಗಿ. ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಿ" ಅಂದ್ರು. ಆದ್ರೆ ನಾನು ಕೆಲಸ ಬಿಡೋವರೆಗೂ ಅವರು ಪ್ರತಿ ಬಿಲ್ಲಿನ ಫೋಟೋ ತೆಗೆದು ನನ್ನ ವಾಟ್ಸ್ಆಪ್‌ಗೂ ಒಂದು ಕಳಿಸ್ತಿದ್ರು.