ವಿದ್ಯಾರ್ಥಿ ವೀಸಾವೂ ಒಂದು ಕರಾರು

(ಜುಮಾ ಖುತ್ಬಾದ ಸಾರಾಂಶ)



 

ಪವಿತ್ರ ಕುರ್‌ಆನಿನ ಐದನೆಯ ಅಧ್ಯಾಯವಾದ ಅಲ್ ಮಾಇದ, ಸತ್ಯವಿಶ್ವಾಸಿಗಳನ್ನು ಕರೆದು ಕರಾರುಗಳನ್ನು ಪೂರೈಸಲು ಆಜ್ಞಾಪಿಸುವುದರೊಂದಿಗೆ ಆರಂಭವಾಗುತ್ತದೆ. ಕರಾರು ಎಂದರೆ ನಮಗೆ ನೆನಪಾಗುವುದು ನಿಕಾಹ್, ಜಮೀನಿನ ಪತ್ರ, ಅಂಗಡಿಯ ಬಾಡಿಗೆ. ಮಗನೋ ಮಗಳೋ ಓದಲೆಂದು ಬ್ರಿಟನ್ನಿಗೆ ಹೊರಟಾಗ ಸಲ್ಲಿಸುವ ವೀಸಾ ಅರ್ಜಿಯೂ ಕರಾರೇ ಎಂಬುದು ಎಷ್ಟು ಮನೆಗಳಲ್ಲಿ ಚರ್ಚೆಯಾಗುತ್ತದೆ?

ಓದುತ್ತಾ ದುಡಿಯುವುದು ಒಳ್ಳೆಯದೇ. ಪ್ರವಾದಿವರ್ಯರು(ಸ) ಮಕ್ಕಾದವರ ಕುರಿಗಳನ್ನು ಕೂಲಿಗೆ ಮೇಯಿಸಿದ್ದರು. ಪ್ರವಾದಿ ದಾವೂದ್(ಅ) ತಮ್ಮ ಕೈಯ ದುಡಿಮೆಯಿಂದ ಉಣ್ಣುತ್ತಿದ್ದರು. ಊರಲ್ಲಿ ಒಂದು ಲೋಟ ತೊಳೆಯದ ಹುಡುಗ ಅಲ್ಲಿ ಹೋಟೆಲಿನ ಪಾತ್ರೆ ತೊಳೆದರೆ ಅದರಲ್ಲಿ ನಾಚಿಕೆಯೇನಿಲ್ಲ. ಅವನ ತಾಯಿಗೆ ಸಂತೋಷವೇ ಆಗಬಹುದು!

ಆದರೆ ಆ ದುಡಿಮೆಗೆ ಒಂದು ಷರತ್ತಿದೆ. ಬ್ರಿಟನ್ನಿನಲ್ಲಿ ಪದವಿ ಅಥವಾ ಸ್ನಾತಕೋತ್ತರ ಪದವಿ ಓದುವ ವಿದೇಶೀ ವಿದ್ಯಾರ್ಥಿ ಸಾಮಾನ್ಯವಾಗಿ ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ವಾರವೆಂದರೆ ಸೋಮವಾರದಿಂದ ಭಾನುವಾರ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20. ಈ ವಾರ 28, ಮುಂದಿನ ವಾರ 12 ಎಂದು ಸರಿದೂಗಿಸಲು ಬರುವುದಿಲ್ಲ. ಒಂದು ವರ್ಷದ ಸ್ನಾತಕೋತ್ತರ ಕೋರ್ಸಿನವರು ಬೇಸಿಗೆಯನ್ನು ರಜೆಯೆಂದು ತಿಳಿಯುತ್ತಾರೆ. ಪ್ರಬಂಧ ಬರೆಯುವ ಆ ತಿಂಗಳುಗಳೂ ಸಾಮಾನ್ಯವಾಗಿ ಓದಿನ ಅವಧಿಯೇ. ಸ್ವಂತ ಉದ್ಯೋಗಕ್ಕೆ ಅನುಮತಿಯೇ ಇಲ್ಲ. ಇನ್ನೊಬ್ಬನ ಹೆಸರಿನ ಆ್ಯಪ್ ಖಾತೆಯನ್ನು ಬಾಡಿಗೆಗೆ ಪಡೆದು ಊಟ ತಲುಪಿಸುವ ಹುಡುಗರಿದ್ದಾರೆ. ಅಲ್ಲಿ ಷರತ್ತನ್ನು ಮುರಿಯುವುದರ ಜೊತೆಗೆ ಪ್ರತಿ ಬಾಗಿಲಲ್ಲೂ ಸುಳ್ಳು ಹೆಸರು ಸೇರಿಕೊಳ್ಳುತ್ತದೆ.

ಇತರ ದೇಶಗಳ ಲೆಕ್ಕ ಬೇರೆ. ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ಸಿನ ಹೊರಗೆ ವಾರಕ್ಕೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ. ಹೋಗುವ ದೇಶದ ನಿಯಮವನ್ನು ಆ ಸರ್ಕಾರದ ಪುಟದಲ್ಲೇ ಓದಿಕೊಳ್ಳಬೇಕು, ಏಜೆಂಟನ ಬಾಯಿಂದಲ್ಲ.

ಮಕ್ಕಳು ಈ ಗೆರೆಯನ್ನು ಏಕೆ ದಾಟುತ್ತಾರೆ? ದುರಾಸೆಯಿಂದ ದಾಟುವವರು ಕೆಲವರಿರಬಹುದು. ಹೆಚ್ಚಿನವರನ್ನು ದಾಟಿಸುವುದು ಮನೆಯ ಫೋನು ಎಂದೇ ನಾವು ಭಾವಿಸುತ್ತೇವೆ. ನಮ್ಮ ಕರಾವಳಿಯ ಕುಟುಂಬಗಳು ವಿದೇಶವನ್ನು ಅರಿತದ್ದು ಗಲ್ಫ್‌ನಿಂದ. ಅಲ್ಲಿಗೆ ಹೋದವನು ಕೆಲಸಕ್ಕೇ ಹೋದವನು, ತಿಂಗಳು ತುಂಬಿದರೆ ಹಣ ಕಳಿಸುತ್ತಿದ್ದ. ಅದೇ ಕಣ್ಣಿನಿಂದ ನಾವು ವಿದ್ಯಾರ್ಥಿಯನ್ನೂ ನೋಡುತ್ತೇವೆ. "ಹೋಗಿ ಆರು ತಿಂಗಳಾಯಿತು, ಇನ್ನೂ ಏನೂ ಕಳಿಸಿಲ್ಲವಲ್ಲ" ಎಂಬ ಮಾತು ಬರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. 2025ರ ಏಪ್ರಿಲ್‌ನಲ್ಲಿ ಬ್ರಿಟನ್ 21 ವರ್ಷ ತುಂಬಿದವರಿಗೆ ನಿಗದಿಪಡಿಸಿದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ವಾರಕ್ಕೆ 20 ಗಂಟೆ ತಪ್ಪದೆ ಸಿಕ್ಕಿದರೂ 244 ಪೌಂಡ್, ತಿಂಗಳಿಗೆ ಸುಮಾರು 1,058. ಲಂಡನ್ನಿನ ಹೊರಗೆ ಓದುವವನ ಜೀವನ ವೆಚ್ಚಕ್ಕೆಂದು ಅಲ್ಲಿನ ಸರ್ಕಾರ 2025ರ ನವೆಂಬರ್‌ನಿಂದ ತೋರಿಸಲು ಹೇಳುವ ಮೊತ್ತ ತಿಂಗಳಿಗೆ 1,171 ಪೌಂಡ್. ಅಂದರೆ ನ್ಯಾಯವಾಗಿ ದುಡಿದದ್ದು ಬಾಡಿಗೆಗೂ ಊಟಕ್ಕೂ ಪೂರ್ತಿ ಸಾಲದು. ಇದರಲ್ಲಿ ಫೀಸು ಎಲ್ಲಿಂದ ಬರಬೇಕು? ಊರಿನ ಸಾಲದ ಕಂತು ಎಲ್ಲಿಂದ ಬರಬೇಕು? ಕಂತು ಕೇಳುವ ತಂದೆ ತನಗರಿಯದೆಯೇ ಮಗನಿಗೆ 21ನೆಯ ಗಂಟೆಯ ಕೆಲಸ ಹುಡುಕಲು ಹೇಳುತ್ತಿರುತ್ತಾನೆ.

ಆ 21ನೆಯ ಗಂಟೆಯ ಕೂಲಿ ಹೆಚ್ಚಾಗಿ ಲೆಕ್ಕಪತ್ರವಿಲ್ಲದೆ ಕೈಗೆ ಬರುವ ನಗದು. ಕೊಡುವವನು ಕನಿಷ್ಠ ಕೂಲಿಗಿಂತ ಕಡಿಮೆ ಕೊಡುತ್ತಾನೆ, ಕೆಲವೊಮ್ಮೆ ಕೊಡುವುದೇ ಇಲ್ಲ. ದೂರು ಕೊಟ್ಟರೆ ತನ್ನ ವೀಸಾ ಹೋಗುತ್ತದೆಂದು ಹುಡುಗ ಬಾಯಿ ಮುಚ್ಚಿಕೊಳ್ಳುತ್ತಾನೆ. ನೋವಿನ ಸಂಗತಿಯೆಂದರೆ, ಹೀಗೆ ದುಡಿಸಿಕೊಳ್ಳುವವರಲ್ಲಿ "ನಮ್ಮವನೇ" ಎಂದು ಸಲಾಮ್ ಹೇಳಿ ಕೆಲಸ ಕೊಟ್ಟವರೂ ಇರುತ್ತಾರೆ. ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿಯವರ(ಸ) ಸಮುದಾಯದವರು ಅವರು. 20 ಗಂಟೆಯೊಳಗೆ ಸಂಬಳದ ಚೀಟಿ ಪಡೆದು ದುಡಿಯುವವನು ಧೈರ್ಯವಾಗಿ ಹಕ್ಕು ಕೇಳಬಲ್ಲ.

ಇನ್ನೊಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವೀಸಾಕ್ಕಾಗಿ ಫೀಸಿನ ಬಾಕಿ ಮತ್ತು ಜೀವನ ವೆಚ್ಚದ ಹಣ ಸತತ 28 ದಿನ ಖಾತೆಯಲ್ಲಿರಬೇಕು. ಆ ದಿನಗಳ ಮಟ್ಟಿಗೆ ಹಣ ತಂದಿಟ್ಟು, ಕಮಿಷನ್ ಕೊಟ್ಟು, ವೀಸಾ ಬಂದ ಮೇಲೆ ಮರಳಿಸುವ ವ್ಯವಸ್ಥೆ ನಮ್ಮ ಪೇಟೆಗಳಲ್ಲೂ ಇದೆ. ಇಲ್ಲದ ಹಣವನ್ನು ಇದೆಯೆಂದು ತೋರಿಸುವುದು ಸುಳ್ಳು ಸಾಕ್ಷ್ಯ. ಸಾಲಕ್ಕೆ ಕೊಡುವ ಆ ಕಮಿಷನ್ ಬಡ್ಡಿಯೇ ಹೊರತು ಬೇರೇನೂ ಅಲ್ಲ. ಇಷ್ಟಾದ ಮೇಲೆ ಮಗು ಬರಿಗೈಯಲ್ಲಿ ವಿಮಾನವಿಳಿಯುತ್ತದೆ.

ಹೊರಟ ಮಕ್ಕಳಿಗೂ ಎರಡು ಮಾತು. ಕೆಲಸ ಒಪ್ಪುವ ಮುನ್ನವೇ ನಮಾಝಿನ ವಿಷಯ ಹೇಳಿಬಿಡಿ. ಡಿಸೆಂಬರ್‌ನಲ್ಲಿ ಲಂಡನ್ನಿನ ಸೂರ್ಯ ಸಂಜೆ ನಾಲ್ಕರ ಹೊತ್ತಿಗೇ ಮುಳುಗುತ್ತಾನೆ. ಝುಹರ್, ಅಸರ್, ಮಗ್ರಿಬ್ ಮೂರೂ ಒಂದೇ ಪಾಳಿಯೊಳಗೆ ಬಂದುಬಿಡಬಹುದು. ಐದೈದು ನಿಮಿಷದ ಬಿಡುವನ್ನು ಮೊದಲ ದಿನವೇ ಕೇಳುವುದು ಸುಲಭ. ಮದ್ಯ ಬಡಿಸುವ ಕೆಲಸದಿಂದ ದೂರವಿರಿ. ಗೋದಾಮು, ವಿಶ್ವವಿದ್ಯಾನಿಲಯದ ಗ್ರಂಥಾಲಯ, ವೃದ್ಧರ ಆರೈಕೆ ಮನೆಗಳಲ್ಲಿ ವಿಚಾರಿಸಿ. ಸಂಬಳ ಅಷ್ಟಕ್ಕಷ್ಟೇ ಇರಬಹುದು.

ಈ ವರ್ಷ ಮಕ್ಕಳನ್ನು ಕಳಿಸಲಿರುವ ಮನೆಗಳವರು ಏಜೆಂಟರ ಕಚೇರಿಗೆ ಹೋಗುವ ಮೊದಲು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಗೆ ಹೋಗಿ ವಿದೇಶ ವ್ಯಾಸಂಗದ ಸಾಲದ ಷರತ್ತುಗಳನ್ನು ಕೇಳಿ ಬನ್ನಿ. ಅದು ಸಿಗದಿದ್ದರೆ, ಕೂಡಿಟ್ಟ ಹಣವೂ ಸಾಲದಿದ್ದರೆ, ಒಂದು ವರ್ಷ ತಡೆಯಿರಿ. ಅಷ್ಟರಲ್ಲಿ ವಿಶ್ವವಿದ್ಯಾನಿಲಯಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಈಗಾಗಲೇ ಮಕ್ಕಳು ಅಲ್ಲಿರುವ ತಂದೆ ತಾಯಂದಿರು ಇಂದು ರಾತ್ರಿಯೇ ಫೋನು ಮಾಡಿ, ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಿದ್ದೀಯ ಎಂದು ಕೇಳಿ. ಹಣದ ಮಾತು ಇನ್ನೊಂದು ದಿನಕ್ಕಿರಲಿ.