ಸಂಕಲನದ ತೆರೆ, ಹಿರಿಯರ ಮಾತು



ಜಹೀರಾಬಾದಿನ ಸಮೀಪದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ರೈತ ಮಹಿಳೆಯರು ತಾವೇ ಕ್ಯಾಮೆರಾ ಹಿಡಿದು ಚಿತ್ರಗಳನ್ನು ತಯಾರಿಸಿದರು. ಮಾತನಾಡುವವರ ಕಣ್ಣಿನ ಮಟ್ಟದಿಂದ ತೆಗೆದ ಚಿತ್ರಿಕೆಗೆ ಅವರು ಇಟ್ಟ ಹೆಸರು ‘ಸಂಘಂ ಶಾಟ್’. ಎದುರಿನವರನ್ನು ಸಮಾನರೆಂದು ಕಾಣುವ ಈ ಗೌರವ ಸಂಕಲನದಲ್ಲಿಯೂ ಉಳಿಯಬೇಕು.

ನಾರಾಯಣಖೇಡ, ತಾಂಡೂರುಗಳಲ್ಲಿ ಊರ ಹಿರಿಯರ ಕನ್ನಡವನ್ನು ಮೊಬೈಲಿನಲ್ಲಿ ದಾಖಲಿಸುವ ಶಿಕ್ಷಕರು ಇದನ್ನು ಗಮನಿಸಬೇಕು. ಮೊಬೈಲಿನ ಮೂಲ ಕಡತದಲ್ಲಿ ಪೂರ್ಣ ಚಿತ್ರ ಆಗಾಗ ಮಾತ್ರ ಇರುತ್ತದೆ; ನಡುವೆ ಇರುವುದು ಬದಲಾವಣೆಗಳ ಲೆಕ್ಕವಷ್ಟೇ. ಅದನ್ನು ನೇರವಾಗಿ ಸಂಕಲಿಸುವಾಗ ಗಣಕ ತಡವರಿಸಿ ಕೆಲವು ಚೌಕಟ್ಟುಗಳನ್ನು ಬಿಟ್ಟುಬಿಡಬಹುದು. ಸೆಕೆಂಡಿಗೆ 25 ಚೌಕಟ್ಟುಗಳಾದರೆ, ಐದು ತಪ್ಪಿದಾಗ ಒಂದು ಅಕ್ಷರದ ಕಾಲವೇ ಜಾರುತ್ತದೆ. ತುಟಿ ಮುಚ್ಚಿದಂತೆ ಕಂಡಲ್ಲಿ ಕತ್ತರಿಸಿದರೆ, ‘ಇದು ಮಾರೋ ಬೀಜ ಅಲ್ಲ’ ಎಂದ ಅಜ್ಜಿ ‘ಇದು ಮಾರೋ ಬೀಜ’ ಎಂದಂತಾಗುತ್ತದೆ. ಕನ್ನಡದ ನಿಷೇಧ ವಾಕ್ಯದ ತುದಿಯಲ್ಲಿದೆ.

ಆದ್ದರಿಂದ ಒಯ್ಯಬಹುದಾದ ವಿಡಿಯೊ ಇಂಟರ್‌ಫೇಸ್ ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಎಚ್‌ಡಿಎಂಐ ತಂತಿಯ ಮೂಲಕ ತರಗತಿಯ ಟಿವಿಯಲ್ಲಿ ಪರಿಶೀಲಿಸುವುದು ಲೇಸು. ಗಣಕವೇ ಸೋತರೆ ಪೆಟ್ಟಿಗೆ ನೆರವಾಗದು. ಆಗ ಕಡತವನ್ನು ಪರಿವರ್ತಿಸಿಕೊಳ್ಳಬೇಕು. ಪೆಟ್ಟಿಗೆ ಇಲ್ಲದಿದ್ದರೆ, ಸಿದ್ಧ ಚಿತ್ರವನ್ನು ಪೆನ್‌ಡ್ರೈವಿನಿಂದ ಟಿವಿಯಲ್ಲಿ ನೋಡಬೇಕು.

ಮಕ್ಕಳಿಗೆ ತೋರಿಸುವ ಮೊದಲು ಅದನ್ನು ಆ ಅಜ್ಜಿಗೆ ತೋರಿಸುವುದು ಕೊನೆಯ ಪರೀಕ್ಷೆ.