ಪಟ್ಟಿಯ ಹೊರಗೆ ಉಳಿದವರು
(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ಸರ್ಕಾರ ಪರಿಹಾರ ಕೊಡ್ತದೆ ಅಂದ ಕೂಡಲೇ ನಾವೆಲ್ಲ ಕೇಳೋದು ಒಂದೇ ಮಾತು: ಎಷ್ಟು ದುಡ್ಡು? ಈವತ್ತು ನಾವು ಬೇರೆ ಪ್ರಶ್ನೆ ಕೇಳೋಣ. ಯಾರಿಗೆ ಕೊಡ್ತಾರೆ? ಯಾರನ್ನ ಬಿಡ್ತಾರೆ? ನಡುವೆ ಗೆರೆ ಎಳೆಯೋರು ಯಾರು?

ಮೊದಲು ಅಮೆರಿಕದ ಸಂಗತಿ. 1945ರ ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಜಗತ್ತಿನ ಮೊದಲ ಅಣುಬಾಂಬನ್ನು ಸಿಡಿಸಿ ನೋಡಿದರು. ಸುತ್ತಲ ಹಳ್ಳಿಯ ಜನಕ್ಕೆ ಒಂದು ಮಾತು ಮುಂಚೆ ಹೇಳಲಿಲ್ಲ. 1951ರಿಂದ ನೆವಾಡದಲ್ಲಿ ಒಂದಾದ ಮೇಲೊಂದು ಸಿಡಿಸಿದರು. ವಿಕಿರಣದ ಬೂದಿ ಗಾಳಿಯಲ್ಲಿ ಬಂದು ಹುಲ್ಲಿನ ಮೇಲೆ ಕೂತಿತು, ಹಸುವಿನ ಹಾಲಿಗೆ ಇಳಿಯಿತು. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ಅದರಲ್ಲಿ ನೆವಾಡ, ಯೂಟಾ, ಅರಿಜೋನದ ಕೆಲವು ಭಾಗಗಳಿದ್ದವು. ಮೊಟ್ಟಮೊದಲ ಬಾಂಬಿನ ಬೂದಿ ಕುಡಿದ ನ್ಯೂ ಮೆಕ್ಸಿಕೋ ಹಳ್ಳಿಯವರೇ ಇರಲಿಲ್ಲ! ಬಾಂಬಿಗೆ ಯುರೇನಿಯಂ ಅಗೆದುಕೊಟ್ಟ ಗಣಿ ಕೂಲಿಗಳಲ್ಲಿ ನವಾಹೋ ಆದಿವಾಸಿಗಳು ಬಹಳ ಇದ್ದರು. ಅವರಿಗೂ ಗಡುವು. 1971 ಮುಗಿದ ಮೇಲೆ ಗಣಿಗೆ ಸೇರಿದವನಿಗೆ ಏನೂ ಇಲ್ಲ.

ಆ ಕಾನೂನೂ 2024ರ ಜೂನ್‌ನಲ್ಲಿ ಮುಗಿದುಹೋಯಿತು. ಜನ ಸುಮ್ಮನೆ ಕೂರಲಿಲ್ಲ. 2025ರ ಜುಲೈನಲ್ಲಿ ಕಾನೂನು ಮತ್ತೆ ಬಂತು. ನ್ಯೂ ಮೆಕ್ಸಿಕೋ ಹಳ್ಳಿಗಳು ಸೇರಿದವು. ಗಣಿ ಕೂಲಿಗಳ ಗಡುವು 1990ಕ್ಕೆ ಹೋಯಿತು. ಪರಿಹಾರ ಒಂದು ಲಕ್ಷ ಡಾಲರ್ ಆಯಿತು. ಆದರೆ ಇದಕ್ಕೆ ಹಿಡಿದದ್ದು 80 ವರ್ಷ. ಅಷ್ಟರಲ್ಲಿ ಎಷ್ಟು ಜನ ಮಣ್ಣಾದರೋ!

ದೂರದ ಕತೆ ನಮಗ್ಯಾಕೆ ಅನ್ನಬೇಡಿ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಕೊಕ್ಕಡ, ಪಟ್ರಮೆ, ನಿಡ್ಲೆ ಸಿಗುತ್ತವೆ. ಇನ್ನೂ ಮುಂದೆ ಹೋದರೆ ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗ. ಕನ್ನಡ, ತುಳು ಮಾತಾಡುವ ಊರುಗಳು. ಅಲ್ಲಿ ಸರ್ಕಾರಿ ನಿಗಮಗಳ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸುರಿದರು. ಒಂದು ದಿನ, ಎರಡು ದಿನ ಅಲ್ಲ. 2000ದವರೆಗೆ, ಸುಮಾರು ಇಪ್ಪತ್ತು ವರ್ಷ. ಸುರಂಗದ ನೀರು, ಬಾವಿ, ಶಾಲೆ, ಮನೆಯಂಗಳ ಯಾವುದನ್ನೂ ಬಿಡಲಿಲ್ಲ. ಕರುಗಳು ಅಂಗ ಊನವಾಗಿ ಹುಟ್ಟುತ್ತಿವೆ ಅಂತ ಶ್ರೀ ಪಡ್ರೆಯವರು 1981ರಲ್ಲೇ ಬರೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಮಕ್ಕಳ ಸರದಿ ಬಂತು. ಡಾ. ಮೋಹನಕುಮಾರ್ ತಮ್ಮ ಹಳ್ಳಿಯ ರೋಗಿಗಳ ಲೆಕ್ಕ ಇಟ್ಟರು. ಕೃಷಿ ಇಲಾಖೆಯ ಸಣ್ಣ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು.

2011ರ ಮೇ 13ರಂದು ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ನಿಲ್ಲಿಸಿತು. 2017ರ ಜನವರಿ 10ರಂದು, ಮೂರು ತಿಂಗಳೊಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳಕ್ಕೆ ಹೇಳಿತು. 2022ರಲ್ಲಿ ಅದೇ ಕೋರ್ಟು ವಿಚಾರಿಸಿದಾಗ ಗೊತ್ತಾದದ್ದೇನು? 3,704 ಜನರಲ್ಲಿ ದುಡ್ಡು ಸಿಕ್ಕಿದ್ದು 8 ಜನಕ್ಕೆ. ಅವರೂ ಮತ್ತೆ ಕೋರ್ಟಿನ ಬಾಗಿಲು ಬಡಿದವರೇ! ಕೋರ್ಟು ಛೀಮಾರಿ ಹಾಕಿದ ಮೇಲೆ ಉಳಿದವರಿಗೆ ಹಣ ಇಳಿಯತೊಡಗಿತು.

ಅಲ್ಲೂ ಗೆರೆಗಳೇ. ಮೊದಲು 11 ಪಂಚಾಯ್ತಿಗಳನ್ನು ಗುರುತಿಸಿದರು. ಗಾಳಿಗೆ, ಹರಿಯೋ ನೀರಿಗೆ ಪಂಚಾಯ್ತಿ ಗಡಿ ಗೊತ್ತೇನು? ಈಚೆ ನಮ್ಮ ದಕ್ಷಿಣ ಕನ್ನಡದಲ್ಲಿ ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಅಳೆದು ಮಾಸಾಶನ ಕೊಡುತ್ತಾರೆ. ಗಡಿಯ ಆಚೆಗೆ ಒಂದು ನ್ಯಾಯ, ಈಚೆಗೆ ಒಂದು ನ್ಯಾಯ. ಬಿದ್ದ ವಿಷ ಮಾತ್ರ ಒಂದೇ.

"ಈ ಕಾಯಿಲೆ ಈ ವಿಷದಿಂದಲೇ ಬಂತು ಅನ್ನೋದಕ್ಕೆ ಸಾಕ್ಷಿ ಎಲ್ಲಿ?" ಅಂತ ಕೇಳೋರು ಯಾವಾಗಲೂ ಇದ್ದಾರೆ. ಅಮೆರಿಕದ ಕಾನೂನಿನಲ್ಲಿ ನಾವು ಕಲಿಯಬೇಕಾದ್ದು ಇಲ್ಲಿದೆ. ಬಾಂಬಿನಿಂದಲೇ ಕ್ಯಾನ್ಸರ್ ಬಂತು ಅಂತ ರೋಗಿ ರುಜುವಾತು ಮಾಡಬೇಕಿಲ್ಲ. ಆ ಊರಲ್ಲಿದ್ದೆ, ಆ ಕಾಲದಲ್ಲಿದ್ದೆ, ಕಾನೂನು ಹೇಳಿದ ಕಾಯಿಲೆ ಬಂದಿದೆ ಅಂತ ತೋರಿಸಿದರೆ ಸಾಕು. ಇದು ನ್ಯಾಯದ ದಾರಿ. ಆದರೆ ಅದನ್ನು ತೋರಿಸೋದಕ್ಕೂ ಕಾಗದ ಬೇಕಲ್ಲ? ಕಾಗದ ಇಲ್ಲದ ಆದಿವಾಸಿ ವಿಧವೆಯರು ಅಲ್ಲೂ ಒದ್ದಾಡಿದ್ದಾರೆ.

ಈಗ ನಮ್ಮ ತಾಲ್ಲೂಕುಗಳ ಕಡೆ ನೋಡಿ. ಹಾಸನದ ಆಲೂಗೆಡ್ಡೆ ಹೊಲ, ಅರಕಲಗೂಡು ಕಡೆಯ ಹೊಗೆಸೊಪ್ಪಿನ ಹೊಲ. ಬೆನ್ನ ಮೇಲೆ ಪಂಪು ಹೊತ್ತು ಹೊಡೆಯೋರು ಯಾರು? ಒಡೆಯನಲ್ಲ, ಕೂಲಿಗೆ ಹೋದ ನಮ್ಮ ಕೇರಿಯ ಅಪ್ಪ, ಅಣ್ಣ. ಸೋರೋ ಪಂಪಿನಿಂದ ಬೆನ್ನು ನೆನೆಯುತ್ತದೆ, ಅದೇ ಕೈಲಿ ಬೀಡಿ ಹಚ್ಚುತ್ತಾರೆ. ಆ ವಿಷಕ್ಕೆ ನಾವು ಇಟ್ಟಿರೋ ಹೆಸರು "ಔಷಧಿ"! ತಲೆ ಸುತ್ತಿ ಬಿದ್ದರೆ "ಬಿಸಿಲು ಹೊಡೀತು" ಅಂತಾರೆ. ಯಾವ ಪುಸ್ತಕದಲ್ಲೂ ಅದು ದಾಖಲಾಗೋದಿಲ್ಲ. ದಾಖಲಾಗದವನು ನಾಳೆ ಯಾವ ಪಟ್ಟಿಗೂ ಸೇರೋದಿಲ್ಲ.

ಅದಕ್ಕೇ ಗೆಳೆಯರೇ, ಓದು ಕಲಿತ ನಮ್ಮ ಕೆಲಸ ಇಲ್ಲಿಂದ ಶುರುವಾಗಬೇಕು. ರಜಕ್ಕೆ ಊರಿಗೆ ಹೋದಾಗ ಒಂದು ನೋಟುಬುಕ್ಕು ತೆರೆಯಿರಿ. ಯಾರು, ಯಾವ ತಾರೀಕು, ಯಾರ ಹೊಲದಲ್ಲಿ, ಯಾವ ವಿಷ ಹೊಡೆದರು ಅಂತ ಬರೆಯಿರಿ. ಡಬ್ಬಿ ಮೇಲಿನ ಚೀಟಿಯನ್ನು ನಕಲು ಮಾಡಿಕೊಳ್ಳಿ. ಅದರಲ್ಲಿ ಕೆಂಪು ತ್ರಿಕೋನ ಇದ್ದರೆ ಅತಿ ಘೋರ ವಿಷ ಅಂತ ಮನೆಯವರಿಗೆ ಓದಿ ಹೇಳಿ. ಆಸ್ಪತ್ರೆಗೆ ಹೋದರೆ ಚೀಟಿ ಎಸೆಯಲು ಬಿಡಬೇಡಿ, "ಔಷಧಿ ಹೊಡೆಯುವಾಗ ಬಿದ್ದ" ಅಂತ ಬರೆಸಿ.

ನಾವು ಕೇಳೋದು ಮೂರು. ವಿಷ ಹೊಡೆಯೋ ಕೂಲಿಗಳ ಪಟ್ಟಿ ಪಂಚಾಯ್ತಿಯಲ್ಲಿರಲಿ. ರುಜುವಾತಿನ ಹೊರೆ ಕೂಲಿಯ ತಲೆ ಮೇಲಿಂದ ಇಳಿಯಲಿ. ಒಂದೇ ವಿಷಕ್ಕೆ ಗಡಿಯ ಎರಡೂ ಕಡೆ ಒಂದೇ ಪರಿಹಾರ ಇರಲಿ.

ಪರಿಹಾರ ಅಂದ್ರೆ ಭಿಕ್ಷೆ ಅಲ್ಲ. ಮಾಡಿದ ಹಾನಿಗೆ ತೀರಿಸಬೇಕಾದ ಸಾಲ ಅದು. ಸಾಲ ಕೊಟ್ಟವರು ನಾವು. ಲೆಕ್ಕದ ಪುಸ್ತಕವೂ ನಮ್ಮ ಕೈಯಲ್ಲೇ ಇರಲಿ.